ಪಚ್ಚಿಲೆ ಸತ್ತರೆ, ಚಿಪ್ಪು ಸವೆದರೆ: ಕಾರಣ ಹುಡುಕುವ ಕೈಪಿಡಿ

ಕಾರವಾರದಿಂದ ಕಾಸರಗೋಡಿನವರೆಗೆ ಅಳಿವೆಗಳಲ್ಲಿ ಹಗ್ಗ ಕಟ್ಟಿ ಪಚ್ಚಿಲೆ ಎಂಬ ಹಸಿರು ಚಿಪ್ಪುಮೀನು ಬೆಳೆಸುವವರು, ಸಿಂಪಿ ಸಾಕುವವರು, ಬಳಚು ಮತ್ತು ಮರುವಾಯಿ ಎಂಬ ಕೆಸರುಮರಳಿನ ಚಿಪ್ಪುಮೀನುಗಳ ನೆಲೆಗಳನ್ನು ನಂಬಿ ಬದುಕುವವರು, ಎಲ್ಲರಿಗೂ ಈ ಕೈಪಿಡಿ. ಬೆಳೆ ಕೈಕೊಟ್ಟಾಗ ಈಗೀಗ ಮೊದಲು ಕೇಳಿಬರುವ ಮಾತು ಸಮುದ್ರದ ಆಮ್ಲೀಕರಣ. ಮಾತು ಸುಳ್ಳಲ್ಲ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಮನುಷ್ಯರು ಹೊರಬಿಡುವುದರಲ್ಲಿ ಹೆಚ್ಚುಕಡಿಮೆ ಕಾಲು ಪಾಲನ್ನು ಸಮುದ್ರ ಹೀರಿಕೊಳ್ಳುತ್ತದೆ. ಇದರಿಂದ ಸಮುದ್ರದ ಮೇಲ್ನೀರಿನ ಸರಾಸರಿ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲತೆ ಹೆಚ್ಚು) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಸಣ್ಣದಾಗಿ ಕಂಡರೂ ಪಿಎಚ್ ಲಾಗರಿದಮ್ ಅಳತೆಯಾದ್ದರಿಂದ (ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು) ಆಮ್ಲತೆಯ ಲೆಕ್ಕದಲ್ಲಿ ಇದು ಶೇ 25ರಿಂದ 30ರಷ್ಟು ಏರಿಕೆ.

ಆದರೆ ಈ ಇಳಿಕೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಆದದ್ದು. ನಿಮ್ಮ ಅಳಿವೆಯ ನೀರಿನ ಪಿಎಚ್ ನಸುಕಿನಿಂದ ಮಧ್ಯಾಹ್ನದೊಳಗೆ ಅದರ ಕೆಲವು ಪಟ್ಟು ಏರಿಳಿಯುತ್ತದೆ. ಕಳೆದ ವಾರ ಸತ್ತ ಪಚ್ಚಿಲೆಗೆ ನೇರ ಕಾರಣ ಹೆಚ್ಚಾಗಿ ಹತ್ತಿರದಲ್ಲೇ ಇರುತ್ತದೆ: ಸಿಹಿನೀರು, ಆಮ್ಲಜನಕದ ಕೊರತೆ, ಕೊರೆಹುಳು, ದಟ್ಟಣೆ, ಒಡ್ಡಿನಾಚೆಯ ಕೆಸರು. ಆಮ್ಲೀಕರಣ ಇವುಗಳ ಬೆನ್ನಿಗೆ ನಿಂತು ಒಂದೊಂದನ್ನೂ ಇನ್ನಷ್ಟು ಮಾರಕ ಮಾಡುತ್ತದೆ. ಎಲ್ಲವನ್ನೂ ಅದರ ತಲೆಗೆ ಕಟ್ಟಿ ಕೈಚೆಲ್ಲಿ ಕುಳಿತರೆ ಸರಿಪಡಿಸಬಹುದಾದದ್ದೂ ಕೈತಪ್ಪುತ್ತದೆ. ಅದಕ್ಕಾಗಿಯೇ ಈ ಕ್ರಮ: ಖರ್ಚಿಲ್ಲದ ಪರೀಕ್ಷೆ ಮೊದಲು, ಪ್ರಯೋಗಾಲಯ ಕೊನೆಗೆ.

## ಕೈಯಲ್ಲಿ ಇರಬೇಕಾದ್ದು

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್, ಥರ್ಮಾಮೀಟರ್, ಸಿಗಡಿ ಕೃಷಿಕರು ಬಳಸುವ ಕ್ಷಾರತೆ (ಆಮ್ಲ ತಡೆಯುವ ನೀರಿನ ಶಕ್ತಿ) ಪರೀಕ್ಷೆಯ ಕಿಟ್, ಸಾಧ್ಯವಾದರೆ ಒಂದು ಪಿಎಚ್ ಮೀಟರ್. ಇವೆಲ್ಲಕ್ಕಿಂತ ಮುಖ್ಯವಾದದ್ದು ನೋಟ್‌ಬುಕ್. ದಿನಾಂಕ, ಗಂಟೆ, ಉಬ್ಬರವೋ ಇಳಿತವೋ, ಮಳೆ ಬಂದಿತ್ತೇ ಎಂಬ ನಾಲ್ಕು ಮಾತು ಇಲ್ಲದಿದ್ದರೆ ಯಾವ ಅಳತೆಗೂ ಬೆಲೆಯಿಲ್ಲ.

ನೀರನ್ನು ಮೇಲಿನಿಂದ ಮಾತ್ರ ಮೊಗೆದು ಅಳೆಯಬೇಡಿ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಮೇಲೆ ಉಪ್ಪಿನಂಶ ಸಾವಿರಕ್ಕೆ 8 ಭಾಗ ಇದ್ದು ಒಂದೂವರೆ ಮೀಟರ್ ಕೆಳಗೆ 25 ಇರುವುದು ಅಳಿವೆಯಲ್ಲಿ ಅಪರೂಪವಲ್ಲ. ಗಾಜಿನ ಬಾಟಲಿಯ ಕತ್ತಿಗೆ ಭಾರ ಕಟ್ಟಿ, ಬೂಚಿಗೆ ಬೇರೊಂದು ದಾರ ಬಿಗಿದು, ಹಗ್ಗದ ಪಚ್ಚಿಲೆ ಇರುವ ಆಳಕ್ಕೆ ಇಳಿಸಿ ಬೂಚು ಎಳೆಯಿರಿ. ಗುಳ್ಳೆ ಬರುವುದು ನಿಂತ ಮೇಲೆ ಮೇಲೆತ್ತಿ. ಇಷ್ಟರಿಂದಲೇ ಅರ್ಧ ಗೊಂದಲ ಬಗೆಹರಿಯುತ್ತದೆ.

ನೀರಿಗೆ ಇಳಿಯುವಾಗ ಎಚ್ಚರ: ಒಬ್ಬರೇ ಹೋಗಬೇಡಿ. ಪ್ರವಾಹದ ದಿನಗಳಲ್ಲಿ ಬೆಳೆ ನೋಡಲೆಂದು ಇಳಿಯಲೇಬೇಡಿ. ಸಿಂಪಿ ಮತ್ತು ಪಚ್ಚಿಲೆಯ ಅಂಚು ಕೊಯ್ದ ಗಾಯವನ್ನು ಸಿಹಿನೀರು, ಸಾಬೂನಿನಿಂದ ಕೂಡಲೇ ತೊಳೆಯಿರಿ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ಗಾಯ ಊದಿ, ಕೆಂಪೇರಿ, ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ, ಅಳಿವೆಯ ನೀರಿನಲ್ಲಿ ಆದ ಗಾಯ ಎಂದು ಹೇಳಿ. ಸಕ್ಕರೆ ಕಾಯಿಲೆ, ಯಕೃತ್ತಿನ ಕಾಯಿಲೆ ಇರುವವರಿಗೆ ಇದು ಪ್ರಾಣಕ್ಕೇ ಕುತ್ತಾಗಬಹುದು.

## ಲಕ್ಷಣ: ಮಳೆ ಬಂದ ಕೆಲವೇ ದಿನಗಳಲ್ಲಿ ಗೊಂಚಲು ಗೊಂಚಲೇ ಬಾಯಿ ತೆರೆದಿದೆ

ಮೊದಲು ಉಪ್ಪಿನಂಶ ನೋಡಿ. ಪಚ್ಚಿಲೆಗೆ ಹಿತವಾದದ್ದು ಸಾವಿರಕ್ಕೆ 27ರಿಂದ 35 ಭಾಗ. ಉಪ್ಪು ತೀರಾ ಇಳಿದಾಗ ಅದು ಬಾಯಿ ಬಿಗಿದುಕೊಂಡು ಕೆಲವು ದಿನ ತಡೆಯುತ್ತದೆ. ನೀರು ಮತ್ತೆ ಉಪ್ಪಾಗುವುದರೊಳಗೆ ಉಸಿರು ಮುಗಿದರೆ ಒಟ್ಟಿಗೇ ಸಾಯುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಬಿತ್ತಿ ಮುಂಗಾರಿಗೆ ಮೊದಲೇ ಕೊಯ್ಯುವ ರೂಢಿ ಹುಟ್ಟಿದ್ದೇ ಈ ಕಾರಣಕ್ಕೆ. ಏಪ್ರಿಲ್, ಮೇ ತಿಂಗಳ ಅಕಾಲ ಮಳೆ ಆ ಲೆಕ್ಕ ತಪ್ಪಿಸುತ್ತದೆ.

ಮಳೆಯೇ ಇಲ್ಲದೆ ಉಪ್ಪು ಇಳಿದಿದ್ದರೆ ಮೇಲ್ದಂಡೆಯಿಂದ ನೀರು ಬಿಟ್ಟಿರಬಹುದು. ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆಯ ನೀರು ಬೇಸಿಗೆಯಲ್ಲೂ ಹರಿದುಬರುತ್ತದೆ. ಅಣೆಕಟ್ಟು ಕಾಣದ ಪಕ್ಕದ ಅಘನಾಶಿನಿಯ ಅಳಿವೆ ಬೇಸಿಗೆಯಲ್ಲಿ ಚೆನ್ನಾಗಿ ಉಪ್ಪೇರುತ್ತದೆ. ಎರಡು ಅಳಿವೆಗಳ ನಡುವೆ ದೂರ ಹೆಚ್ಚಿಲ್ಲ, ಚಿಪ್ಪಿನ ಜಾತಿಗಳಲ್ಲಿ ಅಂತರ ಬಹಳ. ಹೊಸ ಜಾಗ ಆರಿಸುವಾಗ ನೀರಿನ ಚೆಲುವಿಗಿಂತ ಮೊದಲು ಈ ಇತಿಹಾಸ ವಿಚಾರಿಸಿ.

ಗುರುತು: ಸಿಹಿನೀರಿನಿಂದ ಸತ್ತದ್ದಾದರೆ ಹಗ್ಗದ ಮೇಲ್ಭಾಗದಲ್ಲಿ ಸಾವು ಹೆಚ್ಚು, ಕೆಳಭಾಗದಲ್ಲಿ ಕಡಿಮೆ. ಚಿಪ್ಪು ಗಟ್ಟಿಯಾಗಿಯೇ ಇರುತ್ತದೆ. ಬದುಕಿರುವ ಹಗ್ಗಗಳನ್ನು ಅಳಿವೆಯ ಬಾಯಿಯ ಕಡೆಗೆ ಸರಿಸಿ, ಮಾರುವ ಗಾತ್ರ ತಲುಪಿದ್ದರೆ ಕೊಯ್ದುಬಿಡಿ. ಇಲ್ಲಿಗೆ ಉತ್ತರ ಸಿಕ್ಕಿತು, ಪಿಎಚ್ ಅಳೆಯುವ ಅಗತ್ಯವಿಲ್ಲ.

## ಲಕ್ಷಣ: ಮಳೆಯಿಲ್ಲ, ನೀರಿಗೆ ಬಣ್ಣ ಅಥವಾ ವಾಸನೆ ಬಂದಿದೆ, ಬೆಳಗಾಗುವಾಗ ಸಾವು

ಇಲ್ಲಿ ಹಗ್ಗದ ಕೆಳತುದಿಯಲ್ಲಿ, ತಳದ ಬಳಚಿನಲ್ಲಿ ಸಾವು ಮೊದಲು ಕಾಣುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ, ತಳದ ಕೆಸರು ಕಪ್ಪಾಗಿದ್ದರೆ, ಏಡಿ ಮತ್ತು ಸಣ್ಣ ಮೀನು ದಡದಂಚಿಗೆ ಬಂದು ನಿಂತಿದ್ದರೆ ಆಮ್ಲಜನಕ ಕುಸಿದಿದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಪಾಯದ ಮಟ್ಟ. ಸೂರ್ಯ ಹುಟ್ಟುವ ಮೊದಲು ಅಳೆಯಿರಿ. ಮಧ್ಯಾಹ್ನ ಪಾಚಿಗಳು ಆಮ್ಲಜನಕ ಉತ್ಪಾದಿಸುವುದರಿಂದ ಎಲ್ಲವೂ ಚೆನ್ನಾಗಿರುವಂತೆ ತೋರುತ್ತದೆ.

ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ, ಏಕೆಂದರೆ ಕೊಳೆಯುವಿಕೆ ಒಂದನ್ನು ನುಂಗಿ ಇನ್ನೊಂದನ್ನು ಉಗುಳುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣನೆಯ ನೀರು ನಮ್ಮ ಕರಾವಳಿಯತ್ತ ಮೇಲೇರುತ್ತದೆ. ಅದೂ ಇಂಥದ್ದೇ ನೀರು. ಈ ಎರಡು ತೊಂದರೆಗಳನ್ನು ಬೇರೆ ಬೇರೆ ಎಂದುಕೊಳ್ಳಬೇಡಿ, ಚಿಪ್ಪಿನ ಮೇಲೆ ಇವು ಒಟ್ಟಿಗೇ ಎರಗುತ್ತವೆ.

ನೀರು ಕೆಂಪು, ಕಂದು ಅಥವಾ ದಟ್ಟ ಹಸಿರಾಗಿದ್ದರೆ, ರಾತ್ರಿ ಅಲೆ ಮಿನುಗಿದರೆ ಸೂಕ್ಷ್ಮ ಪಾಚಿಗಳು ಉಕ್ಕೇರಿವೆ. ಇಲ್ಲಿ ನಿಲ್ಲಿಸಿ. ಮಾರಬೇಡಿ, ತಿನ್ನಬೇಡಿ, ಪಕ್ಕದ ಮನೆಗೂ ಕೊಡಬೇಡಿ. ಕೆಲವು ಜಾತಿಯ ಪಾಚಿಗಳ ವಿಷವನ್ನು ಚಿಪ್ಪುಮೀನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕುದಿಸಿದರೂ ಹುರಿದರೂ ಆ ವಿಷ ಹೋಗುವುದಿಲ್ಲ. 1983ರಲ್ಲಿ ಮಂಗಳೂರಿನ ಸಮೀಪ ಇಂಥ ವಿಷಬಾಧೆಯಿಂದ ಜೀವಹಾನಿಯಾಗಿದೆ. ತಿಂದವರ ತುಟಿ, ನಾಲಿಗೆ, ಬೆರಳ ತುದಿ ಜೋಮು ಹಿಡಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಸಾಗಿಸಿ. ಮುಂದಿನ ಹಂತ ಉಸಿರಾಟ ನಿಲ್ಲುವುದು.

## ಲಕ್ಷಣ: ಪಚ್ಚಿಲೆ ಹಗ್ಗದಿಂದ ಕಳಚಿ ಉದುರುತ್ತಿದೆ

ಬಿತ್ತಿದ ಮೊದಲ ವಾರಗಳಲ್ಲಿ ಉದುರಿದರೆ ಕೆಲಸದ ಕ್ರಮ ನೋಡಿ. ಹಗ್ಗಕ್ಕೆ ಸುತ್ತಿದ ಹತ್ತಿಬಟ್ಟೆ ಮರಿ ಹಿಡಿತ ಸಾಧಿಸುವ ಮೊದಲೇ ಹರಿದಿದೆಯೇ? ಮೀಟರ್ ಹಗ್ಗಕ್ಕೆ 500ರಿಂದ 750 ಗ್ರಾಂ ಮರಿ ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ಒಳಗಿನವು ಹಗ್ಗವನ್ನೇ ಮುಟ್ಟದೆ ಒಂದರ ಮೇಲೊಂದು ನಿಂತಿರುತ್ತವೆ, ತೂಕ ಬಂದೊಡನೆ ಹೊರಪದರವೇ ಜಾರುತ್ತದೆ.

ಬೆಳೆದ ಮೇಲೆ ಉದುರಿದರೆ ಅಂಟುನಾರನ್ನು ಪರೀಕ್ಷಿಸಿ. ಬದುಕಿರುವ ಒಂದನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಆರೋಗ್ಯವಂತ ಪಚ್ಚಿಲೆಯ ನಾರು ಕಂದು ಬಣ್ಣದ್ದು, ಒತ್ತಾಗಿರುತ್ತದೆ, ಕೀಳಲು ಬಲ ಬೇಕು. ನಾರು ಕೆಲವೇ ಎಳೆಗಳಿದ್ದು ತುದಿಯ ಅಂಟುಬಿಲ್ಲೆಯೇ ಕಳಚಿಬಂದರೆ ಪ್ರಾಣಿ ಸೊರಗಿದೆ. ನೀರಿನ ಶಾಖ 33 ಡಿಗ್ರಿ ದಾಟಿದೆಯೇ, ಉಪ್ಪು ಏರಿಳಿದಿದೆಯೇ ನೋಡಿ. ಇಂಗಾಲದ ಡೈಆಕ್ಸೈಡ್ ಹೆಚ್ಚಿದ ನೀರಿನಲ್ಲಿ ಹುಟ್ಟಿದ ನಾರು ದುರ್ಬಲವಾಗಿರುತ್ತದೆ ಎಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ತಣ್ಣೀರಿನ ಬೇರೊಂದು ಜಾತಿಯನ್ನು. ಆದ್ದರಿಂದ ಇದನ್ನು ನಮ್ಮ ಪಚ್ಚಿಲೆಗೆ ತೀರ್ಪಿನಂತೆ ಅನ್ವಯಿಸದೆ, ಮುಂದೆ ಹೇಳುವ ಗಾಳಿ ಪರೀಕ್ಷೆ ಮಾಡಿದ ಮೇಲೆ ತೀರ್ಮಾನಿಸಿ.

## ಲಕ್ಷಣ: ಚಿಪ್ಪು ಬಿಳಿಚಿದೆ, ಸವೆದಿದೆ, ತೂತಾಗಿದೆ

ಚಿಪ್ಪನ್ನು ತೊಳೆದು, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಕಣ್ಣಿಗೆ ಒಂದೇ ಬಗೆಯ ಸವೆತದಂತೆ ಕಾಣುವುದರಲ್ಲಿ ಕನಿಷ್ಠ ಮೂರು ಬಗೆ ಇವೆ.

ಮೊದಲನೆಯದು, ಅಂಚು ಚೊಕ್ಕವಾಗಿರುವ ದುಂಡು ತೂತುಗಳು. ಸೂಜಿಮೊನೆಯಷ್ಟು ಸಣ್ಣ ತೂತುಗಳು ಜರಡಿಯಂತೆ ಹರಡಿ, ಮುರಿದರೆ ಒಳಗೆ ಹಳದಿ ಅಂಗಾಂಶ ಕಂಡರೆ ಕೊರೆಸ್ಪಂಜು. ಚಿಪ್ಪಿನ ಒಳಮೈಯಲ್ಲಿ ಕಪ್ಪು ಗುಳ್ಳೆ ಎದ್ದು, ಚುಚ್ಚಿದರೆ ಕೆಸರು ಸುರಿದರೆ ಪಾಲಿಡೋರಾ ಎಂಬ ಹುಳು. ಇವೆರಡೂ ಜೀವಿಗಳ ಕೆಲಸ, ನೀರಿನ ರಸಾಯನದ್ದಲ್ಲ. ಹಗ್ಗವನ್ನು ತಳದ ಕೆಸರಿನಿಂದ ಮೇಲೆತ್ತಿ ಕಟ್ಟಿ. ಸಿಂಪಿ ತಟ್ಟೆಗಳನ್ನು ಆಗಾಗ ನೀರಿನಿಂದ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಒಡ್ಡಿದರೆ ಹುಳುವಿನ ಕಾಟ ತಗ್ಗುತ್ತದೆ. ಚಿಪ್ಪು ಚೂರು ಚೂರಾಗಿ ಅಂಚು ಮುರಿದಿದ್ದರೆ ಅದು ಏಡಿ ಅಥವಾ ಮೀನಿನ ಹಲ್ಲು.

ಎರಡನೆಯದು, ಮುದಿ ಚಿಪ್ಪಿನ ಬುಡದ ಸವೆತ. ಎರಡು ಹೋಳು ಕೂಡುವ ಕೀಲಿನ ಹತ್ತಿರದ ಉಬ್ಬು ಭಾಗ ಚಿಪ್ಪಿನಲ್ಲಿ ಅತ್ಯಂತ ಹಳೆಯದು. ಅದರ ಮೇಲಿನ ಹಸಿರು ಅಥವಾ ಕಂದು ಹೊರಪೊರೆ ಉಜ್ಜಿ ಹೋದ ಮೇಲೆ ಸುಣ್ಣ ನೇರವಾಗಿ ನೀರಿಗೆ ಒಡ್ಡಿಕೊಳ್ಳುತ್ತದೆ. ನದಿಯ ಕಡೆಗೆ, ಉಪ್ಪು ಕಡಿಮೆ ಇರುವಲ್ಲಿ ಬದುಕುವ ಕಪ್ಪು ಬಳಚಿನಲ್ಲಿ ಈ ಬಿಳಿ ಬೊಟ್ಟು ಸಾಮಾನ್ಯ. ಇದೊಂದನ್ನೇ ಕಂಡು ಹೆದರುವ ಕಾರಣವಿಲ್ಲ.

ಮೂರನೆಯದು ಚಿಂತಿಸಬೇಕಾದದ್ದು. ಕೀಲಿನ ಭಾಗವಷ್ಟೇ ಅಲ್ಲದೆ ಇತ್ತೀಚೆಗೆ ಬೆಳೆದ ಅಂಚೂ ಸುಣ್ಣದ ಪುಡಿಯಂತೆ ಮಂಕಾಗಿದೆ. ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ. ಒಳಮೈಯ ಹೊಳಪು ಹೋಗಿದೆ. ಎಳೆಯ ಪಚ್ಚಿಲೆಯಲ್ಲೂ ಹೀಗೇ ಆಗಿದೆ. ಎಳೆಯದರಲ್ಲಿ, ಹೊಸ ಅಂಚಿನಲ್ಲಿ, ಒಳಮೈಯಲ್ಲಿ: ಈ ಮೂರೂ ಕಡೆ ಕಂಡರೆ ನೀರು ಚಿಪ್ಪನ್ನು ಕರಗಿಸುತ್ತಿದೆ ಅಥವಾ ಪ್ರಾಣಿಗೆ ಚಿಪ್ಪು ಕಟ್ಟಲು ಆಗುತ್ತಿಲ್ಲ. ಈಗ ಕ್ಷಾರತೆಯ ಕಿಟ್ ಹೊರತೆಗೆಯಿರಿ. ಎಂದೋ ಸತ್ತು ಖಾಲಿಯಾಗಿ ತಿಂಗಳುಗಟ್ಟಲೆ ಕೆಸರಿನಲ್ಲಿದ್ದ ಹಳೆಯ ಚಿಪ್ಪನ್ನು ಮಾತ್ರ ಸಾಕ್ಷಿಗೆ ಹಿಡಿಯಬೇಡಿ. ಬದುಕಿರುವುದನ್ನೇ ತೆರೆದು ನೋಡಿ.

## ಲಕ್ಷಣ: ಚಿಪ್ಪು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ ಎನಿಸುತ್ತಿದೆ

ಅನಿಸಿಕೆಯನ್ನು ನಂಬದೆ ತೂಕ ಮಾಡಿ. ಪ್ರತಿ ಕೊಯ್ಲಿನಲ್ಲಿ ಒಂದೇ ಉದ್ದದ, ಉದಾಹರಣೆಗೆ 60 ಮಿಲಿಮೀಟರಿನ, 20 ಚಿಪ್ಪುಗಳನ್ನು ಆರಿಸಿ. ಮಾಂಸ ತೆಗೆದು, ಉಜ್ಜಿ ತೊಳೆದು, ಚೆನ್ನಾಗಿ ಒಣಗಿಸಿ ತೂಗಿ. ತೂಕ ಬರೆದ ಚೀಟಿಯೊಂದಿಗೆ ಡಬ್ಬಿಯಲ್ಲಿ ಎತ್ತಿಡಿ. ಅದೇ ಉದ್ದ, ಅದೇ ತಿಂಗಳು, ಅದೇ ಜಾಗದ ಚಿಪ್ಪಿನ ತೂಕ ನಾಲ್ಕಾರು ವರ್ಷ ಸತತವಾಗಿ ಇಳಿದರೆ ಅದು ಯಾವ ಪ್ರಯೋಗಾಲಯವೂ ತಳ್ಳಿಹಾಕಲಾಗದ ಪುರಾವೆ. ನಮ್ಮ ಕರಾವಳಿಯ ಪ್ರತಿಯೊಬ್ಬ ಬೆಳೆಗಾರರ ಮನೆಯಲ್ಲೂ ಇಂಥ ಡಬ್ಬಿಗಳ ಸಾಲು ಇರಬೇಕೆಂಬುದು ನನ್ನ ದೊಡ್ಡ ಆಸೆ. ದೀರ್ಘಕಾಲದ ದಾಖಲೆ ಇಲ್ಲದೆ ನಮ್ಮ ಅಳಿವೆಗಳ ಆಮ್ಲೀಕರಣದ ಬಗ್ಗೆ ಯಾರು ಏನು ಹೇಳಿದರೂ ಅದು ಊಹೆಯಾಗಿಯೇ ಉಳಿಯುತ್ತದೆ.

ಇಳಿಕೆ ನಿಜವಾದರೆ ಮೊದಲು ದಟ್ಟಣೆ ಮತ್ತು ಆಹಾರ ನೋಡಿ. ಬೇಗ ಬೆಳೆದ ಪಚ್ಚಿಲೆಯ ಚಿಪ್ಪು ಸಹಜವಾಗಿಯೇ ತೆಳು. ಮಾಂಸ ತುಂಬಿಕೊಂಡಿದ್ದು ಚಿಪ್ಪು ತೆಳುವಾಗಿದ್ದರೆ ಗಾಬರಿ ಬೇಡ. ಮಾಂಸವೂ ನೀರುನೀರಾಗಿ, ಚಿಪ್ಪೂ ತೆಳುವಾಗಿದ್ದರೆ ಪ್ರಾಣಿ ಹಸಿದಿದೆ ಅಥವಾ ರೋಗ ತಗಲಿದೆ. ಪರ್ಕಿನ್ಸಸ್ ಎಂಬ ಪರೋಪಜೀವಿ ಭಾರತದ ಚಿಪ್ಪುಪ್ರಾಣಿಗಳಲ್ಲೂ ಪತ್ತೆಯಾಗಿದೆ, ಅದನ್ನು ಕಣ್ಣಿನಿಂದ ಗುರುತಿಸಲಾಗದು. ಇಲ್ಲಿಯೂ ನಿಲ್ಲಿಸಿ ಮಾದರಿ ಕಳುಹಿಸಿ. ರೋಗದ ಗುಮಾನಿ ಇರುವ ಹಗ್ಗ ಅಥವಾ ಮರಿಯನ್ನು ಬೇರೆ ಅಳಿವೆಗೆ ಸಾಗಿಸಬೇಡಿ.

## ಲಕ್ಷಣ: ಪಿಎಚ್ ಮೀಟರ್ ಕಡಿಮೆ ತೋರಿಸುತ್ತಿದೆ

ಮೀಟರನ್ನೇ ಮೊದಲು ಅನುಮಾನಿಸಿ. ಬಣ್ಣದ ಕಾಗದಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನಾವು ಹುಡುಕುವ ವ್ಯತ್ಯಾಸಕ್ಕಿಂತ ಅದರ ತಪ್ಪೇ ದೊಡ್ಡದು. ಮೀಟರನ್ನು ಅಂದೇ ಪಿಎಚ್ 7 ಮತ್ತು 10ರ ಬಫರ್ ದ್ರಾವಣದಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಹೊಂದಿಸಿರಬೇಕು. ಸಿಹಿನೀರಿನ ಬಫರ್‌ನಲ್ಲಿ ಹೊಂದಿಸಿದ ಮೀಟರ್ ತೋರಿಸುವ ಅಂಕಿ ಸಮುದ್ರ ವಿಜ್ಞಾನಿಗಳ ಮಾನಕದ ಅಂಕಿಗಿಂತ ಒಂದು ದಶಾಂಶದಷ್ಟು ಬೇರೆ ಇರುತ್ತದೆ. ಹಾಗಾಗಿ ನಿಮ್ಮ 8.1ನ್ನು ಪತ್ರಿಕೆಯಲ್ಲಿ ಓದಿದ 8.1ರ ಪಕ್ಕ ಇಡಬೇಡಿ. ನಿಮ್ಮದೇ ಹಳೆಯ ಅಂಕಿಗಳ ಪಕ್ಕ ಇಡಿ. ನಸುಕಿನ ಅಂಕಿಯನ್ನು ನಸುಕಿನದರೊಂದಿಗೆ, ಉಬ್ಬರದ್ದನ್ನು ಉಬ್ಬರದ್ದರೊಂದಿಗೆ ಹೋಲಿಸಿ.

ಅಂಕಿ ನಿಜಕ್ಕೂ ಕಡಿಮೆ ಎಂದಾದರೆ ಅಸಲು ಪ್ರಶ್ನೆ ಬರುತ್ತದೆ: ಯಾಕೆ? ಪಿಎಚ್ ಇಳಿಯಲು ಮೂರು ದಾರಿಗಳಿವೆ, ಮೂರಕ್ಕೂ ಮದ್ದು ಬೇರೆ. ಇವನ್ನು ಬೇರ್ಪಡಿಸುವುದು ಕ್ಷಾರತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಚಿಪ್ಪು ಕಟ್ಟಲು ಕಾರ್ಬೊನೇಟ್ ಇಟ್ಟಿಗೆಯಿದ್ದಂತೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಅದು ಈ ಇಟ್ಟಿಗೆಯನ್ನು ಬೈಕಾರ್ಬೊನೇಟ್ ಆಗಿ ಬದಲಿಸುತ್ತದೆ. ಒಟ್ಟು ಕ್ಷಾರತೆ ಅಷ್ಟೇ ಉಳಿದರೂ ಪ್ರಾಣಿಗೆ ಬೇಕಾದದ್ದು ಸಿಗುವುದಿಲ್ಲ.

ಅಪ್ಪಟ ಸಮುದ್ರದ ನೀರಿನ ಕ್ಷಾರತೆ ಲೀಟರಿಗೆ ಸುಮಾರು 115ರಿಂದ 120 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ). ಜಂಬಿಟ್ಟಿಗೆ ಮಣ್ಣು, ಗಟ್ಟಿಶಿಲೆಗಳ ಮೇಲೆ ಹರಿದು ಬರುವ ನಮ್ಮ ಗಿಡ್ಡ ನದಿಗಳ ನೀರಿನಲ್ಲಿ ಇದು ಬಹಳ ಕಡಿಮೆ. ನಿಮ್ಮ ನದಿಯ ಸಿಹಿನೀರನ್ನು ಒಮ್ಮೆ, ಅಳಿವೆಯಾಚೆಯ ಸಮುದ್ರದ ನೀರನ್ನು ಒಮ್ಮೆ ಅಳೆದಿಟ್ಟುಕೊಳ್ಳಿ. ಸಮುದ್ರದ್ದು 118, ನದಿಯದ್ದು 20 ಎಂದಿಟ್ಟುಕೊಳ್ಳೋಣ. ಸಮುದ್ರದ ಉಪ್ಪಿನಂಶ 35 ಇರುವಾಗ ನಿಮ್ಮ ಹಗ್ಗದ ಹತ್ತಿರ 17.5 ಇದ್ದರೆ ನೀರು ಅರ್ಧಕ್ಕರ್ಧ ಬೆರೆತಿದೆ, ಕ್ಷಾರತೆ 70ರ ಆಸುಪಾಸು ಇರಬೇಕು. ಈಗ ಕಿಟ್ ಏನು ಹೇಳುತ್ತದೆ ನೋಡಿ.

ಲೆಕ್ಕದಂತೆ 70 ಬಂದು ಪಿಎಚ್ ಕೂಡ ಅದಕ್ಕೆ ತಕ್ಕಂತೆ ಸ್ವಲ್ಪ ಕೆಳಗಿದ್ದರೆ ಇದು ಬರೀ ಸಿಹಿನೀರಿನ ಬೆರಕೆ. ಲೆಕ್ಕಕ್ಕಿಂತ ತೀರಾ ಕಡಿಮೆ, 40 ಅಥವಾ 30 ಬಂದರೆ ಎಲ್ಲಿಂದಲೋ ಆಮ್ಲ ಸೇರುತ್ತಿದೆ. ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಭತ್ತದ ಗದ್ದೆ), ಕಾಂಡ್ಲಾ ಕಾಡಿನ ಗಂಧಕಯುಕ್ತ ಕೆಸರು ಒಡ್ಡು ಕಟ್ಟಿದ ಮೇಲೆ ಬೇಸಿಗೆಯಲ್ಲಿ ಬಿರುಕು ಬಿಡುವಷ್ಟು ಒಣಗಿದರೆ ಅದರಲ್ಲಿ ಗಂಧಕಾಮ್ಲ ಹುಟ್ಟುತ್ತದೆ, ಮೊದಲ ಮಳೆ ಅದನ್ನು ತೊಳೆದು ಅಳಿವೆಗೆ ತರುತ್ತದೆ. ತೂಬಿನ ಬಾಯಲ್ಲಿ ತುಕ್ಕುಬಣ್ಣದ ಲೋಳೆ ಕಂಡರೆ ಅದೇ ಗುರುತು. ಪರಿಹಾರ ತೂಬಿನ ಯಜಮಾನರ ಕೈಯಲ್ಲಿದೆ: ಕೆಸರನ್ನು ಪೂರ್ತಿ ಒಣಗಲು ಬಿಡದಿರುವುದು, ಮೊದಲ ಮಳೆಯ ನೀರನ್ನು ದೊಡ್ಡ ಇಳಿತದ ಹೊತ್ತಿಗೆ ಬಿಡುವುದು. ಹತ್ತಿರದಲ್ಲಿ ಕಾರ್ಖಾನೆಯ ಕೊಳವೆ ಇದ್ದರೆ ಕೈಹಾಕಿ ನೀರು ಮೊಗೆಯಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದುಕೊಡಿ.

ಕ್ಷಾರತೆ ಲೆಕ್ಕದಂತೆಯೇ ಇದ್ದು ಪಿಎಚ್ ಮಾತ್ರ ಕುಸಿದಿದ್ದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದೆ. ಇಲ್ಲಿ ಗಾಳಿ ಪರೀಕ್ಷೆ ಮಾಡಿ. ಹತ್ತು ಲೀಟರ್ ನೀರನ್ನು ಬಕೆಟ್ಟಿನಲ್ಲಿ ತುಂಬಿ ಕೂಡಲೇ ಪಿಎಚ್ ಬರೆದುಕೊಳ್ಳಿ. ಮನೆಯ ಹೊರಗೆ, ನೆರಳಿನಲ್ಲಿಟ್ಟು ಅಕ್ವೇರಿಯಂ ಪಂಪಿನಿಂದ ರಾತ್ರಿಯಿಡೀ ಗಾಳಿ ಊದಿ. ಮುಚ್ಚಿದ ಕೋಣೆ ಬೇಡ, ಅಲ್ಲಿನ ಗಾಳಿಯಲ್ಲಿ ನಮ್ಮ ಉಸಿರೇ ತುಂಬಿರುತ್ತದೆ. ಬೆಳಿಗ್ಗೆ ಪಿಎಚ್ 7.6ರಿಂದ 8ರ ಮೇಲಕ್ಕೆ ಜಿಗಿದಿದ್ದರೆ, ಹೊರಹೋದ ಅನಿಲ ಕೊಳೆಯುವಿಕೆಯಿಂದಲೋ ಆಳದ ನೀರಿನಿಂದಲೋ ಬಂದದ್ದು. ಅದು ಅಳಿವೆಯ ಸಮಸ್ಯೆ ಅಥವಾ ಋತುವಿನ ಸಮಸ್ಯೆ. ಗಾಳಿ ಊದಿದ ಮೇಲೆ ಉಳಿಯುವ ಅಂಕಿ ಇಂದಿನ ವಾತಾವರಣಕ್ಕೆ ನಿಮ್ಮ ನೀರು ಹೊಂದಿಕೊಂಡ ಮಟ್ಟ. ಜಗತ್ತಿನ ಹೊಗೆ ವರ್ಷದಿಂದ ವರ್ಷಕ್ಕೆ ಕೆಳಗೆಳೆಯುತ್ತಿರುವುದು ಈ ಮಟ್ಟವನ್ನು. ಇದನ್ನು ನೀವಾಗಲೀ ನಿಮ್ಮ ಪಂಚಾಯಿತಿಯಾಗಲೀ ಎತ್ತಲಾರಿರಿ. ಅದರ ಮೇಲೆ ಬಂದು ಕೂರುವ ಸ್ಥಳೀಯ ಭಾರವನ್ನು ಮಾತ್ರ ಇಳಿಸಬಹುದು.

ಎಚ್ಚರಿಕೆ: ಪಿಎಚ್ ಏರಿಸಲೆಂದು ಸುಟ್ಟ ಸುಣ್ಣವನ್ನು ಅಳಿವೆಗೆ ಎರಚಬೇಡಿ. ಹರಿಯುವ ನೀರಿನಲ್ಲಿ ಅದು ನಿಲ್ಲುವುದಿಲ್ಲ, ಬಿದ್ದ ಕಡೆ ಪಿಎಚ್ ಒಮ್ಮೆಲೇ ಏರಿ ಮರಿಗಳನ್ನು ಕೊಲ್ಲುತ್ತದೆ, ನಿಮ್ಮ ಕಣ್ಣು ಮತ್ತು ಚರ್ಮವನ್ನು ಸುಡುತ್ತದೆ.

## ಲಕ್ಷಣ: ದೊಡ್ಡವು ಚೆನ್ನಾಗಿವೆ, ಮರಿ ಮಾತ್ರ ಸಿಗುತ್ತಿಲ್ಲ

ಆಮ್ಲೀಕರಣದ ಹೆಸರು ನಿಜಕ್ಕೂ ಗಂಭೀರವಾಗುವುದು ಈ ಲಕ್ಷಣದಲ್ಲಿ. ಸಿಂಪಿಯ ಮರಿ ಮೊದಲ ಚಿಪ್ಪನ್ನು ಒಂದೆರಡು ದಿನಗಳಲ್ಲೇ ಕಟ್ಟಿಕೊಳ್ಳುತ್ತದೆ. ಆಗ ಅದಕ್ಕೆ ತಿನ್ನಲು ಬಾರದು. ತತ್ತಿಯಲ್ಲಿದ್ದ ಕೊಬ್ಬೇ ಬಂಡವಾಳ. ಮೇಲಾಗಿ ಈ ಮೊದಲ ಚಿಪ್ಪು ಅರಗೊನೈಟ್ ಎಂಬ ಬೇಗ ಕರಗುವ ಸುಣ್ಣದ್ದು. ಬೆಳೆದ ಸಿಂಪಿಯ ಚಿಪ್ಪು ಬಹುಪಾಲು ಕ್ಯಾಲ್ಸೈಟ್, ಅದು ಅಷ್ಟು ಬೇಗ ಕರಗದು. ಆದ್ದರಿಂದ ದೊಡ್ಡವು ಆರಾಮವಾಗಿರುವ ನೀರಿನಲ್ಲೇ ಮರಿ ಬಂಡವಾಳವೆಲ್ಲ ಚಿಪ್ಪಿಗೆ ಸುರಿದು, ಮುಂದೆ ವಾರ ಎರಡು ವಾರ ಕಳೆದು ಸಾಯುತ್ತದೆ. ಸಾವು ಕಂಡ ದಿನದ ನೀರನ್ನು ಅಳೆದರೆ ತಪ್ಪಿತಸ್ಥ ಸಿಗುವುದಿಲ್ಲ, ಹುಟ್ಟಿದ ದಿನದ ನೀರಿನ ದಾಖಲೆ ಬೇಕು.

ಅಮೆರಿಕದ ಓರೆಗಾನ್ ಕರಾವಳಿಯ ನೆಟಾರ್ಟ್ಸ್ ಕೊಲ್ಲಿಯಲ್ಲಿರುವ ವಿಸ್ಕಿ ಕ್ರೀಕ್ ಎಂಬ ಸಿಂಪಿ ಮರಿ ಕೇಂದ್ರದಲ್ಲಿ 2007 ಮತ್ತು 2008ರಲ್ಲಿ ಹೀಗೇ ಆಯಿತು. ತೊಟ್ಟಿಗಟ್ಟಲೆ ಮರಿಗಳು ಸತ್ತವು. ಮೊದಲ ಗುಮಾನಿ ಬ್ಯಾಕ್ಟೀರಿಯಾದ ಮೇಲೆ ಬಿತ್ತು. ಅದಕ್ಕೆ ತಕ್ಕ ಶುದ್ಧೀಕರಣ ಮಾಡಿದರೂ ಸಾವು ನಿಲ್ಲಲಿಲ್ಲ. ಕೇಂದ್ರದವರೂ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಕೂಡಿ ನೀರಿನ ದಾಖಲೆಯನ್ನು ಮರಿಗಳ ದಾಖಲೆಯೊಂದಿಗೆ ಹೊಂದಿಸಿ ನೋಡಿದಾಗ, ಗಾಳಿ ಬೀಸಿ ಆಳದ ತಣ್ಣೀರು ಮೇಲೆದ್ದ ದಿನಗಳಿಗೂ ಸಾವಿಗೂ ತಾಳೆಯಾಯಿತು. ಆ ನೀರು ದಶಕಗಳ ಹಿಂದೆ ಮೇಲ್ಮೈಯಲ್ಲಿದ್ದಾಗ ಹೀರಿಕೊಂಡ ಇಂಗಾಲವನ್ನೂ ಆಳದಲ್ಲಿ ಕೊಳೆತದ್ದರ ಇಂಗಾಲವನ್ನೂ ಹೊತ್ತು ತಂದಿತ್ತು. ಅರಗೊನೈಟ್ ಕರಗಲಾರಂಭಿಸುವ ಮಟ್ಟ ತಲುಪುವ ಮೊದಲೇ ಮರಿಗಳು ಸೋಲುತ್ತಿದ್ದವು ಎಂಬುದು ಅಲ್ಲಿ ಕಂಡ ಮುಖ್ಯ ಸಂಗತಿ. 2012ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಕಂಡುಕೊಂಡ ಉಪಾಯ ಸರಳ: ನೀರನ್ನು ಸತತವಾಗಿ ಅಳೆಯುವುದು, ಕೊಲ್ಲಿಯ ಹುಲ್ಲು ಮತ್ತು ಪಾಚಿ ಇಂಗಾಲ ಹೀರಿ ನೀರನ್ನು ಸುಧಾರಿಸಿದ ಮಧ್ಯಾಹ್ನದ ಮೇಲೆ ತೊಟ್ಟಿ ತುಂಬುವುದು, ಸೋಡಿಯಂ ಕಾರ್ಬೊನೇಟನ್ನು ಅಳತೆಯಾಗಿ ಬೆರೆಸುವುದು.

ನಮ್ಮಲ್ಲಿ ಪಚ್ಚಿಲೆ ಮರಿ ಬರುವುದು ಹೆಚ್ಚಾಗಿ ಕಡಲ ಬಂಡೆಗಳಿಂದ. ಪಚ್ಚಿಲೆ ತತ್ತಿ ಬಿಡುವುದು ಮುಂಗಾರಿನಲ್ಲಿ ಮತ್ತು ಅದು ಮುಗಿಯುವ ಹೊತ್ತಿಗೆ. ಆಳದ ನೀರು ಮೇಲೇರುವ ಕಾಲವೂ ಅದೇ. ಆದ್ದರಿಂದ ಮರಿ ಕಡಿಮೆಯಾದ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗಿನ ನೀರಿನ ಶಾಖದ ದಾಖಲೆಯನ್ನು ನೋಡಿ. ಕರಾವಳಿಯ ನೀರು ಎಂದಿಗಿಂತ ತಣ್ಣಗಿದ್ದ ವಾರಗಳು ಹೆಚ್ಚಿದ್ದರೆ ಅದನ್ನು ತಜ್ಞರಿಗೆ ತಿಳಿಸಿ. ಅದಕ್ಕೂ ಮೊದಲು ಸುಲಭದ ಕಾರಣ ಕೇಳಿಕೊಳ್ಳಿ: ಬಂಡೆಯ ಮೇಲಿನ ದೊಡ್ಡ ಪಚ್ಚಿಲೆಯನ್ನೆಲ್ಲ ಕಿತ್ತದ್ದಾಗಿದೆಯೇ? ತತ್ತಿ ಬಿಡುವವೇ ಇಲ್ಲದಿದ್ದರೆ ನೀರನ್ನು ದೂರಿ ಫಲವಿಲ್ಲ.

ಬಳಚು, ಮರುವಾಯಿಯ ಮರಿ ಕೂರುವುದು ಕೆಸರುಮರಳಿನ ಮೇಲೆ. ಕೊಳೆತು ಕಪ್ಪಾದ ಕೆಸರಿನ ಮೇಲ್ಪದರ ನೀರಿಗಿಂತಲೂ ಆಮ್ಲೀಯವಾಗಿರುತ್ತದೆ. ಅಮೆರಿಕದ ಮೇನ್ ರಾಜ್ಯದ ಕ್ಯಾಸ್ಕೊ ಕೊಲ್ಲಿಯಲ್ಲಿ ಪುಡಿ ಮಾಡಿದ ಚಿಪ್ಪನ್ನು ಕೆಸರಿಗೆ ಹರಡಿದಾಗ ಹೆಚ್ಚು ಮರಿಗಳು ನೆಲೆನಿಂತವು. ನಮ್ಮಲ್ಲಿ ಖಾಲಿ ಚಿಪ್ಪೆಲ್ಲ ಸುಣ್ಣದ ಗೂಡಿಗೆ, ಕಾರ್ಖಾನೆಗೆ ಹೋಗುತ್ತದೆ. ತಿಂದು ಉಳಿದ ಚಿಪ್ಪಿನಲ್ಲಿ ಒಂದು ಪಾಲನ್ನಾದರೂ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಒಡೆದು, ಅದೇ ನೆಲೆಗೆ ಮರಳಿಸುವುದು ಊರವರೆಲ್ಲ ಸೇರಿ ಮಾಡಬಹುದಾದ ಪ್ರಯೋಗ. ಮೊದಲು ಸಣ್ಣ ಜಾಗದಲ್ಲಿ ಮಾಡಿ, ಪಕ್ಕದಲ್ಲಿ ಅಷ್ಟೇ ಜಾಗವನ್ನು ಹಾಗೆಯೇ ಬಿಡಿ, ಮುಂದಿನ ಋತುವಿನಲ್ಲಿ ಎರಡೂ ಕಡೆ ಮರಿ ಎಣಿಸಿ.

## ತಜ್ಞರ ಬಳಿ ಹೋಗುವಾಗ

ಸಾವು ಒಂದೇ ವಾರದಲ್ಲಿ ಎರಡು ಮೂರು ಬೆಳೆಗಾರರ ಜಾಗಕ್ಕೆ ಹಬ್ಬಿದರೆ, ಪಾಚಿ ಉಕ್ಕೇರಿದ್ದರೆ, ರೋಗದ ಗುಮಾನಿ ಇದ್ದರೆ ಅಥವಾ ಗಾಳಿ ಪರೀಕ್ಷೆಯ ಫಲ ಅರ್ಥವಾಗದಿದ್ದರೆ ಮನೆಯಲ್ಲಿ ಇನ್ನೂ ಪರೀಕ್ಷಿಸುತ್ತಾ ದಿನ ಕಳೆಯಬೇಡಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲೂ ಕಾರವಾರದಲ್ಲೂ ಕೇಂದ್ರಗಳಿವೆ; ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ; ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೂ ಬರವಣಿಗೆಯಲ್ಲಿ ತಿಳಿಸಿ.

ಸತ್ತು ನಾರುವುದನ್ನು ಒಯ್ದರೆ ಉಪಯೋಗವಿಲ್ಲ. ಮುಟ್ಟಿದರೆ ನಿಧಾನವಾಗಿ ಬಾಯಿ ಮುಚ್ಚುವ, ಸಾಯುವ ಹಂತದ ಹತ್ತಿಪ್ಪತ್ತನ್ನೂ ಆರೋಗ್ಯವಾಗಿರುವ ಅಷ್ಟನ್ನೂ ಬೇರೆ ಬೇರೆ ಚೀಲದಲ್ಲಿ, ಅಳಿವೆಯ ನೀರಿನಲ್ಲೇ ಅದ್ದಿದ ಬಟ್ಟೆಯಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿಡಿ. ಐಸ್ ಕರಗಿದ ಸಿಹಿನೀರು ಅವನ್ನು ಮುಟ್ಟದಂತೆ ನಡುವೆ ಹಲಗೆ ಅಥವಾ ದಪ್ಪ ಕಾಗದ ಇರಲಿ. ಫಾರ್ಮಲಿನ್ ಹಾಕುವ ಕೆಲಸ ನೀವು ಮಾಡಬೇಡಿ, ಅದರ ಆವಿ ಕಣ್ಣಿಗೂ ಶ್ವಾಸಕ್ಕೂ ಹಾನಿಕರ. ನೀರಿನ ಬಾಟಲಿಯನ್ನು ಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿ, ನೀರಿನೊಳಗೇ ಮುಚ್ಚಳ ಬಿಗಿದು, ತಂಪಾಗಿಟ್ಟು ಅಂದೇ ತಲುಪಿಸಿ. ಬಾಟಲಿಯ ಮೇಲೆ ಆಳ, ಗಂಟೆ, ಉಪ್ಪಿನಂಶ, ಶಾಖ ಬರೆದಿರಲಿ. ಅಲ್ಲಿ "ಪಿಎಚ್ ನೋಡಿ" ಎಂದಷ್ಟೇ ಕೇಳದೆ, ಒಟ್ಟು ಕ್ಷಾರತೆ ಅಳೆದು ಅರಗೊನೈಟ್ ಸಂತೃಪ್ತಿ ಮಟ್ಟವನ್ನು (ಆ ನೀರಿನಲ್ಲಿ ಅರಗೊನೈಟ್ ಉಳಿಯುವುದೇ, ಕರಗುವುದೇ ಎಂದು ತೋರುವ ಅಂಕಿ) ಲೆಕ್ಕ ಹಾಕಿಕೊಡಿ ಎಂದು ಕೇಳಿ. ಜೊತೆಗೆ ನೋಟ್‌ಬುಕ್ಕನ್ನೂ, ಇದ್ದರೆ ಹಳೆಯ ಚಿಪ್ಪಿನ ಡಬ್ಬಿಗಳನ್ನೂ ತೆಗೆದುಕೊಂಡು ಹೋಗಿ.